ಮೂರನೆಯ ತಿರುವಿನಲ್ಲಿ ಸೋಲುತ್ತಿದ್ದ ಜೀಪು

ಭಾನುವಾರ ಬೆಳಗ್ಗೆ ಎರಡನೆಯ ಕಾಫಿ ಆದ ಮೇಲೆ ನಾನು ನಮ್ಮ ಜೀಪನ್ನು ಸ್ಟಾರ್ಟ್ ಮಾಡುತ್ತೇನೆ. ಎಲ್ಲಿಗೂ ಹೋಗುವುದಿಲ್ಲ. ರಾಮಕೃಷ್ಣನಗರದ ನಮ್ಮ ಮನೆಯ ಗೇಟಿನೊಳಗೆ, ಪಾರಿಜಾತದ ಗಿಡದ ಪಕ್ಕ ಅದು ನಿಂತಲ್ಲೇ ನಿಂತಿರುತ್ತದೆ. ನನ್ನ ಯಜಮಾನರು ಗೋಡೆ ಸವರಿಕೊಂಡು ಬಂದು ಎಡಗಡೆಯ ಸೀಟಿನಲ್ಲಿ ಕೂರುತ್ತಾರೆ. ಚೋಕ್ ಎಳೆದು ಕೀ ತಿರುಗಿಸಿದರೆ ಎಂಜಿನ್ ಒಂದೆರಡು ಸಲ ಕೆಮ್ಮಿ ಆಮೇಲೆ ಹದಕ್ಕೆ ಬರುತ್ತದೆ. ಇಬ್ಬರೂ ಸ್ವಲ್ಪ ಹೊತ್ತು ಆ ಸದ್ದು ಕೇಳಿಕೊಂಡು ಕೂತು, ಆಫ್ ಮಾಡಿ, ಒಳಗೆ ಹೋಗಿ ತಿಂಡಿ ತಿನ್ನುತ್ತೇವೆ. ಬ್ಯಾಟರಿ ಇಳಿಯಬಾರದಲ್ಲ, ಅದಕ್ಕೆ ಎಂದು ಎದುರುಮನೆಯವರಿಗೆ ಹೇಳಿದ್ದೇನೆ. ನಿಜ ಬೇರೆ. ಆ ಸದ್ದಿಗಾಗಿ ನಾನು ವಾರವೆಲ್ಲ ಕಾಯುತ್ತೇನೆ. ಅದನ್ನು ಕೇಳಿದರೆ ಒಂದು ಬೆಟ್ಟ ನೆನಪಾಗುತ್ತದೆ. ಅವರಿಗೂ ಹಾಗೇ ಆಗುತ್ತದೆಂದು ನನಗೆ ಗೊತ್ತು.

ಗಾಡಿ ನಮ್ಮ ಮನೆಗೆ ಬಂದದ್ದು ಅವರು ನಿವೃತ್ತರಾದ ವರ್ಷ. ಸರ್ವೆ ಇಲಾಖೆಯಲ್ಲಿ ಜಮೀನು ಅಳೆಯುತ್ತ, ಇಲಾಖೆಯ ಜೀಪಿನಲ್ಲಿ ಜಿಲ್ಲೆಯ ಮೂಲೆಮೂಲೆ ಸುತ್ತಿದವರು ಅವರು. ನಿವೃತ್ತಿಯಾದ ಮೇಲೆ ನಮ್ಮ ಬೀದಿಯ ಬೇರೆ ಗಂಡಸರು ಬೆಳಗಿನ ವಾಕಿಂಗ್ ಹಿಡಿದರು, ಭಜನಾ ಮಂಡಳಿ ಸೇರಿದರು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ. ಇವರು ಒಂದು ಹಳೆಯ ಜೀಪು ತಂದು ನಿಲ್ಲಿಸಿದರು. ನಾಲ್ಕು ಸಿಲಿಂಡರಿನ ಪುಟ್ಟ ಪೆಟ್ರೋಲ್ ಎಂಜಿನ್, ಮೇಲೆ ಕ್ಯಾನ್ವಾಸ್ ಹೊದಿಕೆ, ನಾಲ್ಕೂ ಚಕ್ರಕ್ಕೆ ಎಳೆತ. ನೋಡುವುದಕ್ಕೆ ಮೀಸೆ ಬಿಟ್ಟ ಪೈಲ್ವಾನನ ಹಾಗಿತ್ತು. ಅದೂ ಸಾಲದೆಂದು ಮುಂದೆ ಕಬ್ಬಿಣದ ದಪ್ಪ ಬಂಪರು, ಮೇಲೆ ಕ್ಯಾರಿಯರು, ಕೆಳಗೆ ಅಗಲವಾದ ಟೈರು ಹಾಕಿಸಿದರು. ಅಷ್ಟೆಲ್ಲ ಹೊತ್ತುಕೊಂಡ ಮೇಲೆ ಪೈಲ್ವಾನ ಏರು ಕಂಡಲ್ಲೆಲ್ಲ ಏದುಸಿರು ಬಿಡತೊಡಗಿದ. ಕುವೆಂಪುನಗರದ ಏರಿನಲ್ಲಿ ಆಟೋದವರು ಹಿಂದಿನಿಂದ ಹಾರನ್ ಹೊಡೆದು ದಾಟಿಕೊಂಡು ಹೋಗುತ್ತಿದ್ದರು. ಆದರೂ ಇವರು ತರಕಾರಿ ಅಂಗಡಿಗೆ ನಡೆದು ಹೋಗುವುದನ್ನು ಬಿಟ್ಟರು. ಕುದುರೆ ಕಂಡರೆ ಕಾಲು ನೋವು ಅನ್ನುವುದು ಸುಳ್ಳಲ್ಲ.

ಆ ಬೆಟ್ಟದ ವಿಷಯ ಹೇಳುತ್ತೇನೆ. ಹೆಸರು ಹೇಳುವುದಿಲ್ಲ. ಬರೆದರೆ ಮುಂದಿನ ಭಾನುವಾರವೇ ಒಂದು ದಂಡು ಡ್ರೋನ್ ಹಿಡಿದುಕೊಂಡು ಅಲ್ಲಿಗೆ ಬಂದುಬಿಡುತ್ತದೆ. ಎಚ್.ಡಿ. ಕೋಟೆ ಕಡೆ ಎಂದಷ್ಟೇ ಇಟ್ಟುಕೊಳ್ಳಿ. ಮದುವೆಯಾದ ಹೊಸತರಲ್ಲಿ ಅವರು ನನ್ನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಬುಡದಿಂದ ನಡೆಸಿ ಹತ್ತಿಸಿದ್ದರು. ಸರ್ವೆಗೆ ಹೋದಾಗ ಅವರು ಕಂಡುಕೊಂಡಿದ್ದ ಜಾಗ ಅದು. ಹೊಸ ಸೀರೆಯ ಸೆರಗು ಲಂಟಾನದ ಪೊದೆಗೆ ಸಿಕ್ಕಿ ಹರಿದು, ನಾನು ದಾರಿಯುದ್ದಕ್ಕೂ ಮುಖ ದಪ್ಪ ಮಾಡಿಕೊಂಡಿದ್ದೆ. ಮೇಲೆ ಒಂದು ಹಾಸುಬಂಡೆ, ಒಂದು ಬಸವನ ಕಲ್ಲು, ಬೇರೇನೂ ಇಲ್ಲ. ಅಲ್ಲಿ ನಿಂತಾಗ ನನ್ನ ಸಿಟ್ಟು ಎಲ್ಲಿ ಹೋಯಿತೋ. ಒಂದು ಕಡೆ ಕಬಿನಿಯ ಹಿನ್ನೀರು, ದಕ್ಷಿಣಕ್ಕೆ ಕಾಡಿನ ನೀಲಿ ಗೆರೆ, ಇನ್ನೊಂದು ಕಡೆ ದೂರದಲ್ಲಿ ಗುಬ್ಬಚ್ಚಿಯಷ್ಟಾಗಿ ನಮ್ಮ ಚಾಮುಂಡಿ ಬೆಟ್ಟ. ಅಷ್ಟು ದೊಡ್ಡ ಆಕಾಶವನ್ನು ನಾನು ಅದುವರೆಗೆ ನೋಡಿರಲಿಲ್ಲ. ದೇವರಾಜ ಮೊಹಲ್ಲಾದ ಓಣಿಯಲ್ಲಿ, ಅಂಗಡಿಯ ಮೇಲಿನ ಮನೆಯಲ್ಲಿ ಬೆಳೆದವಳು ನಾನು. ನಮಗೆ ಆಕಾಶ ಅಂದರೆ ಎರಡು ಮಾಳಿಗೆಯ ನಡುವಿನ ಪಟ್ಟಿ.

ಆಮೇಲೆ ಸಂಸಾರ, ನೌಕರಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಬೆಟ್ಟಕ್ಕೆ ಮತ್ತೆ ಹೋಗೋಣ ಎನ್ನುತ್ತಲೇ ವರ್ಷಗಳು ಕಳೆದವು. ಒಂದೂವರೆ ಗಂಟೆಯ ದಾರಿಯ ತೊಂದರೆಯೇ ಅದು. ಯಾವಾಗ ಬೇಕಾದರೂ ಹೋಗಬಹುದು ಎಂದುಕೊಂಡು ಯಾವಾಗಲೂ ಹೋಗುವುದಿಲ್ಲ.

ಅವರ ಕಣ್ಣಿಗೆ ಗ್ಲಾಕೋಮಾ ಬಂದಿದೆ ಎಂದು ತಿಳಿದದ್ದು ತಡವಾಗಿ. ಆ ಕಾಯಿಲೆ ನೋಟವನ್ನು ಅಂಚಿನಿಂದ ತಿನ್ನುತ್ತ ಬರುತ್ತದೆ. ನಡುವೆ ಇರುವುದು ಚೆನ್ನಾಗಿಯೇ ಕಾಣುತ್ತದೆ, ಪೇಪರು ಓದಬಹುದು, ಸೂಜಿಗೆ ದಾರ ಕೂಡ ಪೋಣಿಸಬಹುದು. ಪಕ್ಕದಲ್ಲಿ ನಿಂತ ಹೆಂಡತಿ ಮಾತ್ರ ಇರುವುದಿಲ್ಲ. ಬೆಳಗ್ಗೆ ತಾರಸಿಯ ಮೇಲೆ ನಿಂತು ಚಾಮುಂಡಿ ಬೆಟ್ಟ ನೋಡುವುದು ಅವರ ಅಭ್ಯಾಸವಾಗಿತ್ತು. ಒಂದು ದಿನ, "ಬೆಟ್ಟ ಪೂರ್ತಿ ಒಟ್ಟಿಗೆ ಕಾಣಿಸ್ತಿಲ್ಲ ಕಣೇ. ತುಂಡು ತುಂಡಾಗಿ ನೋಡ್ಬೇಕು," ಎಂದರು. ಮೋಡ ಇರಬೇಕು ಬಿಡಿ ಎಂದೆ. ಸ್ವಲ್ಪ ದಿನದ ನಂತರ ಸರ್ಕಲ್ಲಿನಲ್ಲಿ ಎಡಗಡೆಯಿಂದ ಬಂದ ಸ್ಕೂಟರು ಇವರ ಪಾಲಿಗೆ ನೆಲದಿಂದ ಎದ್ದು ಬಂತು. ಸದ್ಯ, ಯಾರಿಗೂ ಏನೂ ಆಗಲಿಲ್ಲ. ಮನೆಗೆ ಬಂದು ಜೀಪಿನ ಕೀಯನ್ನು ನನ್ನ ಅಂಗೈಯಲ್ಲಿಟ್ಟರು. ಆಮೇಲೆ ಆ ಗಾಡಿಯ ಬಲಗಡೆ ಅವರು ಯಾವತ್ತೂ ಕೂರಲಿಲ್ಲ.

ಹೋದ ನೋಟ ಬರುವುದಿಲ್ಲ, ಇರುವುದು ಎಷ್ಟು ದಿನ ಎಂದೂ ಹೇಳಲಾಗುವುದಿಲ್ಲ ಎಂದು ಡಾಕ್ಟರು ಹೇಳಿದ ದಿನ, ಆಟೋದಲ್ಲಿ ಬರುತ್ತ ಅವರು ಅರ್ಧ ದಾರಿಯವರೆಗೆ ಅಂಗಡಿಗಳ ಬೋರ್ಡು ಓದುತ್ತಿದ್ದರು. ಆಮೇಲೆ, "ಒಂದ್ಸಲ ಆ ಬೆಟ್ಟದ ಮೇಲೆ ನಿಂತ್ಕೊಂಡು ನೋಡ್ಬುಡ್ತೀನಿ ಕಣೇ," ಎಂದರು. "ಅಷ್ಟಾದ್ರೆ ಸಾಕು ನಂಗೆ."

ಯಾವುದಕ್ಕೂ ಹಟ ಮಾಡದ ಮನುಷ್ಯ. ಆಗಲಿ ಎಂದೆ.

ನಡೆದು ಹತ್ತಿಸುವ ಮಾತೇ ಇರಲಿಲ್ಲ. ಕಾಲಿನ ಹತ್ತಿರದ ಕಲ್ಲು ಅವರಿಗೆ ಕಾಣುವುದಿಲ್ಲ. ಮನೆಯ ಹೊಸಿಲಿಗೇ ಎಡವಿ ಬಿದ್ದು ಮಂಡಿ ಊದಿಸಿಕೊಂಡಿದ್ದರು. ಆದರೆ ಬೆಟ್ಟಕ್ಕೆ ಒಂದು ಗಾಡಿದಾರಿ ಇತ್ತು. ಯಾವ ಕಾಲದಲ್ಲೋ ಯಾರೋ ಕಲ್ಲು ಒಡೆಯಲು ಮಾಡಿಕೊಂಡು ಬಿಟ್ಟುಹೋದ ದಾರಿ. ಸ್ಕೂಟರು, ಸಣ್ಣ ಕಾರು ಬಿಟ್ಟರೆ ಬೇರೇನೂ ಓಡಿಸದ ನಾನು, ಜನ ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಜೀಪು ಕಲಿತೆ. ಅವರು ಪಕ್ಕದಲ್ಲಿ ಕೂತು ಕಣ್ಣಿಲ್ಲದಿದ್ದರೂ ಕಿವಿಯಲ್ಲೇ ಪಾಠ ಹೇಳಿದರು. "ಕ್ಲಚ್ಚು ಒದ್ದಾಡ್ತಿದೆ, ನಿಧಾನ." "ಗೇರು ಇನ್ನೂ ಬಿದ್ದಿಲ್ಲ, ಕೇಳ್ಸ್ಲಿಲ್ವ?" ಎಂಜಿನ್ನಿನ ಸದ್ದಿನಲ್ಲಿ ಅವರು ಹಿಡಿದಷ್ಟು ನನ್ನ ತಪ್ಪುಗಳನ್ನು ನನ್ನ ಅತ್ತೆಯೂ ಹಿಡಿದಿರಲಿಲ್ಲ.

ಜೀಪಿನಲ್ಲಿ ಮೊದಲ ಸಲ ಹೋದದ್ದು ಒಂದು ಶ್ರಾವಣದಲ್ಲಿ. ಬುಡದಿಂದ ಎರಡು ತಿರುವು ಸಲೀಸಾಗಿ ಹತ್ತಿತು. ಮೂರನೆಯ ತಿರುವು ಕಡಿದಾಗಿದೆ, ನೆಲದಲ್ಲಿ ಮುಷ್ಟಿ ಗಾತ್ರದ ಉರುಟು ಕಲ್ಲು, ನಡುವೆ ಮಳೆನೀರು ಕೊರೆದ ಕೊರಕಲು. ಅಲ್ಲಿಗೆ ಬಂದಾಗ ಎಂಜಿನ್ ಕೂಗುತ್ತ ಕೂಗುತ್ತ ದನಿ ಇಳಿಸಿ, ನಡುಗಿ, ನಿಂತೇಹೋಯಿತು. ಮತ್ತೆ ಹಿಂದೆ ಬಿಟ್ಟು, ಲೋ ಗೇರಿನಲ್ಲಿ, ಮತ್ತೆ ಅದೇ ಜಾಗ. ಅವರು ಕಿವಿಗೊಟ್ಟು ಕೇಳಿ, "ಉಸಿರು ಸಾಲ್ತಿಲ್ಲ ಇದಕ್ಕೆ. ಪಾಪ, ಸಣ್ಣ ಎಂಜಿನ್ನು," ಎಂದರು. ತಲೆಯ ಮೇಲೆ ಆಕಾಶದ ತುಂಡು ಕಾಣುವಷ್ಟು ಹತ್ತಿರ ಬಂದು ವಾಪಸು ಇಳಿಸಿಕೊಂಡು ಬಂದೆ. ದಾರಿಯಲ್ಲಿ ಅವರು ತಮಾಷೆ ಮಾಡುತ್ತಲೇ ಇದ್ದರು. ಆ ತಮಾಷೆ ಕೇಳಿ ನನಗೆ ಅಳು ಬಂತು.

ಅಲ್ಲಿಂದ ನಮ್ಮಿಬ್ಬರಿಗೂ ಒಂದೇ ಧ್ಯಾನ: ಈ ಗಾಡಿಗೆ ಶಕ್ತಿ ತುಂಬುವುದು ಹೇಗೆ. ವಿಜಯನಗರದ ಆಚೆ, ಹೊಸ ಬಡಾವಣೆಯ ಖಾಲಿ ಸೈಟೊಂದರಲ್ಲಿ ಶೀಟು ಹೊದಿಸಿದ ಗ್ಯಾರೇಜು ಇತ್ತು. ಅಲ್ಲಿಯ ಮೆಕ್ಯಾನಿಕ್ ದೊಡ್ಡ ಮಾತುಗಾರ. ಬಾನೆಟ್ ಎತ್ತಿದವನೇ, "ಸಾ, ಇದು ಉಟ್ಟಿರೋದೇ ಇಷ್ಟು ಸಕ್ತಿಗೆ. ಬಡವಾ ನೀ ಮಡಗ್ದಂಗಿರು ಅನ್ನಂಗೆ ಇರ್ಬೇಕು ಇದು," ಎಂದ. ಅಷ್ಟು ಹೇಳಿ ಸುಮ್ಮನಾಗುವ ಆಸಾಮಿಯಲ್ಲ. "ಇದನ್ನ ಕಿತ್ತಾಕ್ಬುಟ್ಟು ಡೀಸೆಲ್ ಎಂಜಿನ್ ಕೂರ್ಸ್ಬುಡನ. ಗೋಡೆ ಅತ್ತುತ್ತೆ ಆಮೇಲೆ."

ನಮ್ಮವರು ಒಪ್ಪಲಿಲ್ಲ. ಬೇರೆ ಎಂಜಿನ್ ಕೂರಿಸಿದರೆ ಕಾಗದಪತ್ರದ ತಾಪತ್ರಯ ಎಂದು ಅವನಿಗೆ ಹೇಳಿದರು. ನನಗೆ ಹೇಳಿದ್ದು ಬೇರೆ: "ಇದರ ಸದ್ದು ನಂಗೆ ಅಭ್ಯಾಸ ಆಗಿದೆ ಕಣೇ. ಇನ್ಮೇಲೆ ಹೊಸ ಸದ್ದು ಕಲ್ಯೋಕಾಗಲ್ಲ."

ಸರಿ, ಇರುವ ಎಂಜಿನ್ನನ್ನೇ ಹುರಿಗೊಳಿಸುವುದೆಂದಾಯಿತು. ಆತ ಟ್ಯಾಪೆಟ್ ಸರಿಮಾಡಿದ, ಪ್ಲಗ್ ಬದಲಾಯಿಸಿದ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದ, ಕಿಡಿ ಹತ್ತುವ ಟೈಮಿಂಗ್ ತಿರುಗಿಸಿದ. ಒಮ್ಮೆ ಅತಿ ತಿರುಗಿಸಿದಾಗ, ಗಾಡಿ ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದ ಹಾಗೆ ಸದ್ದು ಮಾಡಿದ್ದಕ್ಕೆ ಎದುರುಮನೆಯ ನಾಯಿ ಮೂರು ದಿನ ಹೊರಗೆ ಬರಲಿಲ್ಲ. ಸೈಲೆನ್ಸರಿನ ಕೊಳವೆ ದಪ್ಪದು ಹಾಕಿದರೆ ಶಕ್ತಿ ಬರುತ್ತದೆ ಎಂದ. ಹಾಕಿದ. ಸದ್ದು ಬಂತು, ಶಕ್ತಿ ಬರಲಿಲ್ಲ. ಹಳೆಯದನ್ನೇ ಮತ್ತೆ ಹಾಕಿಸಿದೆವು.

ಎಂಜಿನ್ನಿಗೆ ಗಾಳಿ ಸಾಲುತ್ತಿಲ್ಲವೇನೋ ನೋಡು ಎಂದು ಹೇಳಿದವರು ನಮ್ಮವರು. ಎಂಜಿನ್ನಿನ ಮೇಲೆ ದುಂಡಗಿನ ತಗಡಿನ ಡಬ್ಬಿ ಇರುತ್ತದೆ, ಅದಕ್ಕೆ ಆನೆಯ ಸೊಂಡಿಲಿನ ಹಾಗೆ ಒಂದು ಕೊಳವೆ. ಗಾಳಿ ಒಳಗೆ ಹೋಗುವುದು ಅದರಿಂದಲೇ. ಮೆಕ್ಯಾನಿಕ್ ಡಬ್ಬಿಯ ಮುಚ್ಚಳ ತೆಗೆದು ನೋಡಿ, ನನ್ನ ಕಡೆ ತಿರುಗಿ, "ಏನಮ್ಮ ಇದು, ಒಳಗೆ ಊವಿನ್ ಅಂಗ್ಡಿ ಮಡಗಿದ್ದೀರಲ್ಲ," ಎಂದ.

ಸೇವಂತಿಗೆ. ಒಣಗಿ, ಕಂದು ಬಣ್ಣಕ್ಕೆ ತಿರುಗಿ, ಫಿಲ್ಟರಿನ ಸುತ್ತ ಒತ್ತಾಗಿ ಮೆತ್ತಿಕೊಂಡಿದ್ದ ಎಸಳುಗಳು. ನನಗೆ ಒಡನೆ ಗೊತ್ತಾಯಿತು. ಪ್ರತಿವರ್ಷ ಆಯುಧಪೂಜೆಯ ದಿನ ದೇವರಾಜ ಮಾರುಕಟ್ಟೆಯಿಂದ ಮಾರುಗಟ್ಟಲೆ ಹೂವು ತಂದು ಗಾಡಿಯನ್ನು ಅಲಂಕರಿಸುವವಳು ನಾನು. ಹೊರಗಿನಿಂದ ಹಾರ ಹಾಕಿ ಕೈತೊಳೆದುಕೊಳ್ಳುವುದು ನನಗೆ ಒಗ್ಗುವುದಿಲ್ಲ. ದುಡಿಯುವುದು ಎಂಜಿನ್ನು, ಪೂಜೆ ಬಾನೆಟ್ಟಿಗೆ ಅಂದರೆ ಹೇಗೆ? ಬಾನೆಟ್ ತೆಗೆದು ಎಂಜಿನ್ನಿಗೂ ಅರಿಶಿನ ಕುಂಕುಮ ಇಟ್ಟು, ಆ ಸೊಂಡಿಲಿನ ಬಾಯಿಗೆ ಒಂದೆರಡು ಸೇವಂತಿಗೆ ಸಿಕ್ಕಿಸುತ್ತಿದ್ದೆ. ಹೂವು ಆಮೇಲೆ ಕಾಣಿಸದಿದ್ದಾಗ ಉದುರಿಹೋಗಿರಬೇಕು ಎಂದುಕೊಳ್ಳುತ್ತಿದ್ದೆ. ಎಂಜಿನ್ನು ಅದನ್ನು ಪ್ರಸಾದವೆಂದು ಒಳಗೆಳೆದುಕೊಳ್ಳುತ್ತಿತ್ತು.

ನಮ್ಮವರು ನಕ್ಕದ್ದು ನಕ್ಕದ್ದೇ. ನಕ್ಕು ನಕ್ಕು ಗ್ಯಾರೇಜಿನ ಸ್ಟೂಲಿನಿಂದ ಬೀಳುವುದರಲ್ಲಿದ್ದರು. "ವಿಜ್ಞಾನದ ಟೀಚರು ಇವಳು," ಎಂದು ಮೆಕ್ಯಾನಿಕ್ಕಿಗೆ ಹೇಳಿದರು.

"ನಾನು ಪೂಜೆ ಮಾಡಿದ್ದಕ್ಕೇ ಅದು ಇಷ್ಟು ದಿನ ಬದುಕಿರೋದು," ಎಂದೆ. ಬೇರೆ ಏನು ಹೇಳಲಿ. ಅವರು ಹಾಗೆ ನಕ್ಕು ಬಹಳ ದಿನವಾಗಿತ್ತು. ಇನ್ನೂ ಒಂದು ಬುಟ್ಟಿ ಹೂವು ಒಳಗಿರಬಾರದಿತ್ತೇ ಎನಿಸಿತು.

ಹೂವು ತೆಗೆದ ಮೇಲೆ ಗಾಡಿ ನಿಜವಾಗಿ ಚುರುಕಾಯಿತು. ದಸರಾಕ್ಕೆ ಮುಂಚೆ ಇನ್ನೊಂದು ಸಲ ಬೆಟ್ಟಕ್ಕೆ ಹೋದೆವು. ಅದೇ ಮೂರನೆಯ ತಿರುವು, ಅದೇ ಕೊರಕಲು. ದನಿ ಇಳಿಯಿತು, ನಡುಗಿತು, ನಿಂತಿತು. ಈ ಸಲ ಅವರು ತಮಾಷೆ ಮಾಡಲಿಲ್ಲ. ಇಳಿಯುವಾಗ, "ಇವತ್ತು ನಿನ್ನ ಕೈ ಬಳೆ ಕಾಣಿಸ್ತಿಲ್ಲ," ಎಂದರು ಮೆಲ್ಲಗೆ. ಸ್ಟಿಯರಿಂಗ್ ಹಿಡಿದಿದ್ದ ನನ್ನ ಕೈ, ಅವರು ನೇರ ಮುಂದಕ್ಕೆ ನೋಡುತ್ತಿದ್ದರೂ ನೋಟದ ಅಂಚಿನಲ್ಲಿ ಹಿಂದಿನ ತಿಂಗಳವರೆಗೆ ಕಾಣುತ್ತಿತ್ತು. ಅಂದರೆ ಅವರ ನೋಟದ ಕಿಟಕಿ ಇನ್ನೂ ಸಣ್ಣದಾಗಿತ್ತು.

ಆಗ ನಾನು ನನ್ನ ವಿದ್ಯೆಯನ್ನು ಹೊರತೆಗೆದೆ. ಎಷ್ಟು ವರ್ಷ ಕಪ್ಪುಹಲಗೆಯ ಮೇಲೆ ಬರೆದಿಲ್ಲ: ತಳ್ಳುವ ಬಲ ಅಷ್ಟೇ ಇದ್ದರೆ, ತೂಕ ಕಡಿಮೆಯಾದಷ್ಟೂ ವೇಗ ಬೇಗ ಕೂಡುತ್ತದೆ. ಬಲ ಹೆಚ್ಚಿಸಲಾಗದಿದ್ದರೆ ಭಾರ ಇಳಿಸೋಣ. ಬಂಪರು ಬಿಚ್ಚಿಸಿದೆ. ಕ್ಯಾರಿಯರು ಇಳಿಸಿದೆ. ಹಿಂದಿನ ಸೀಟು, ಕಬ್ಬಿಣದ ಟೂಲ್ ಬಾಕ್ಸು, ಯಾವತ್ತೂ ಹಾಡದ ಸ್ಪೀಕರು, ಎಲ್ಲವೂ ತಾರಸಿಗೆ ಹೋದವು. ಅಗಲದ ಟೈರು ತೆಗೆಸಿ, ದೇವರಾಜ ಮೊಹಲ್ಲಾದಲ್ಲಿ ಅಪ್ಪನ ಪರಿಚಯದ ಹಳೇ ಅಂಗಡಿಯಲ್ಲಿ ಕೇಳಿ, ಮೊದಲಿದ್ದಂಥ ಸಣ್ಣ ಟೈರು ಹಾಕಿಸಿದೆ. ಬಿಚ್ಚಿದ ಒಂದೊಂದನ್ನೂ ಅವರು ಕೈಯಲ್ಲಿ ಸವರಿ ನೋಡಿ ಬಿಡುತ್ತಿದ್ದರು.

"ಸ್ಟೆಪ್ನಿ?" ಎಂದೆ.

"ಸ್ಟೆಪ್ನಿ ಮುಟ್ಬೇಡ. ಸ್ಟೆಪ್ನಿ ಇಲ್ದೆ ಬೆಟ್ಟಕ್ಕೆ ಹೋಗೋನು ಹುಚ್ಚ."

ಮೀಸೆಯೂ ಇಲ್ಲ, ತೊಡೆಯೂ ಇಲ್ಲ. ಪೈಲ್ವಾನ ಒಣಕಲು ಮಾಸ್ತರನಂತಾದ. ಆದರೆ ಚಾಮುಂಡಿ ಬೆಟ್ಟದ ತಾರುರಸ್ತೆಯಲ್ಲಿ ಓಡಿಸಿ ನೋಡಿದರೆ, ಗಾಡಿ ಹಕ್ಕಿಯ ಹಾಗೆ ಹತ್ತಿತು. ಇಬ್ಬರೂ ಮೇಲೆ ಹೋಗಿ ದೇವಿಗೆ ಕೈಮುಗಿದು ಬಂದೆವು. ನಾನು ಕೇಳಿಕೊಂಡದ್ದು ಅವರ ಕಣ್ಣು ಕೊಡು ಎಂದಲ್ಲ. ಅದು ಆಗದೆಂದು ಡಾಕ್ಟರು ಹೇಳಿದ್ದರು, ದೇವಿಯನ್ನು ಸಂಕಟಕ್ಕೆ ಸಿಕ್ಕಿಸುವುದೇಕೆ. ಮೂರನೆಯ ತಿರುವು ದಾಟಿಸು ತಾಯಿ, ಅಷ್ಟೇ ಸಾಕು ಎಂದೆ.

ಮಳೆ ನಿಂತು ಆಕಾಶ ತೊಳೆದಿಟ್ಟ ಹಾಗಿದ್ದ ಕಾರ್ತಿಕದ ಒಂದು ಬೆಳಗ್ಗೆ ಹೊರಟೆವು. ಚಿತ್ರಾನ್ನ ಕಟ್ಟಿಕೊಂಡಿದ್ದೆ. ಅವರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡಿದ್ದರು. ದಾರಿಯುದ್ದಕ್ಕೂ ಹಿಂದಿನ ಸರ್ವೆ ಕೆಲಸದ ಕಥೆ ಹೇಳಿದರು, ನಾನು ಹೂಂಗುಟ್ಟಿದೆ. ಇಬ್ಬರಿಗೂ ಒಳಗೊಳಗೆ ಹೆದರಿಕೆ. ಇದೇ ಕಡೆಯ ಸಲ ಎಂದು ಯಾರೂ ಹೇಳಲಿಲ್ಲ.

ಒಂದನೆಯ ತಿರುವು. ಎರಡನೆಯದು. ಮೂರನೆಯದಕ್ಕೆ ಲೋ ಗೇರು ಹಾಕಿ ಏರಿದೆ. "ಸಣ್ಣ ಎಂಜಿನ್ನು ಕೂಗಿದ್ರೇನೇ ಎಳೆಯೋದು. ಕೂಗಿಸು," ಎಂದರು. ಕೂಗಿಸಿದೆ. ಕೊರಕಲಿನಲ್ಲಿ ಮುಂಚಕ್ರ ಇಳಿದು ಎದ್ದಿತು. ಆಮೇಲೆ ಅದೇ ಕಥೆ. ದನಿ ಇಳಿದು, ನಡುಗಿ, ನಿಂತಿತು. ಹಿಂದಕ್ಕೆ ಬಿಟ್ಟು ಮತ್ತೆ ಏರಿದೆ. ಮತ್ತೆ ನಿಂತಿತು. ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಕೂತೆ. ಎಂಜಿನ್ನಿನ ಬಿಸಿ ವಾಸನೆ ಬರುತ್ತಿತ್ತು.

ಅವರು ಬಾಗಿಲಿನ ಚಿಲಕ ತಡಕತೊಡಗಿದರು.

"ಎಲ್ಲಿಗೆ ರೀ?"

"ಇಳೀತೀನಿ. ಇನ್ನು ತೆಗೆಯೋಕೆ ಉಳಿದಿರೋ ಭಾರ ನಾನೊಬ್ಬನೇ ತಾನೆ. ನೀನು ಹೋಗಿ ನೋಡ್ಕೊಂಡು ಬಾ. ಬಂದು ಹೇಳು ನಂಗೆ."

ನನಗೆ ಕೆಂಡದಂಥ ಸಿಟ್ಟು ಬಂತು. "ನಿಮ್ಮನ್ನ ಇಲ್ಲಿ ಬಿಟ್ಟು ನಾನೊಬ್ಳೇ ಮೇಲ್ಹೋಗಿ ಏನು ಕಡಲೆಕಾಯಿ ತಿನ್ಲಾ? ನಂಗೇನೂ ನೋಡೋದಿಲ್ಲ ಅಲ್ಲಿ."

"ಹಟ ಮಾಡ್ಬೇಡ ಕಣೇ. ಇಬ್ರಲ್ಲಿ ಒಬ್ರಾದ್ರೂ ನೋಡಿದ್ರೆ ಮನೇಲಿ ಒಂದು ಬೆಟ್ಟ ಇರುತ್ತೆ."

ಅವರನ್ನು ಕೈಹಿಡಿದು ಇಳಿಸಿ, ದಾರಿ ಬದಿಯ ಕಗ್ಗಲಿ ಮರದ ನೆರಳಿನಲ್ಲಿ ಒಂದು ಬಂಡೆಯ ಮೇಲೆ ಕೂರಿಸಿದೆ. ನೀರಿನ ಬಾಟಲಿಯನ್ನು ಕೈಗೆ ಕೊಟ್ಟೆ. ಗಾಡಿಯನ್ನು ಹಿಂದಕ್ಕೆ ಬಿಟ್ಟು ಸಿಟ್ಟಿನಲ್ಲೇ ತುಳಿದೆ. ಮುಂಚಕ್ರ ಕೊರಕಲಿಗೆ ಬಿತ್ತು, ನಾನು ಸೀಟಿನಿಂದ ಹಾರಿ ಬಿದ್ದೆ, ಕಲ್ಲುಗಳು ತಳಕ್ಕೆ ಬಡಿದವು. ಜೀಪು ಕಿರುಚುತ್ತ, ಓಲಾಡುತ್ತ ತಿರುವು ದಾಟಿಹೋಯಿತು. ನೋಡುನೋಡುತ್ತಿದ್ದಂತೆ ಹಾಸುಬಂಡೆಯ ಮೇಲಿದ್ದೆ.

ಎಂಜಿನ್ ಆಫ್ ಮಾಡಿ, ಬಸವನ ಕಲ್ಲಿನ ಕಡೆ ಮುಖಮಾಡಿ ಕೂತೇ ಇದ್ದೆ. ಒಬ್ಬ ಮನುಷ್ಯನ ಭಾರಕ್ಕೆ ಇಷ್ಟು ವ್ಯತ್ಯಾಸವೇ? ಅವರೇನು ಭೀಮಸೇನರಲ್ಲ, ಕಾಯಿಲೆ ಬಂದ ಮೇಲೆ ಇನ್ನೂ ಬಡವಾಗಿದ್ದರು. ಲೆಕ್ಕ ಕೂಡಲಿಲ್ಲ. ಖಾಲಿ ಎಡಸೀಟನ್ನು ನೋಡಿದೆ. ಡ್ಯಾಶ್‌ಬೋರ್ಡಿನ ಮೇಲೆ ಹಿಡಿದುಕೊಳ್ಳಲು ಇರುವ ಕಬ್ಬಿಣದ ಹಿಡಿ ಕಣ್ಣಿಗೆ ಬಿತ್ತು. ಆಗ ಹೊಳೆಯಿತು.

ಕುಲುಕಾಟ ಬರುವುದು ನಮಗೆ ಮುಂಚೆಯೇ ಕಾಣುತ್ತದೆ, ಮೈ ತಾನಾಗಿ ಸಿದ್ಧವಾಗುತ್ತದೆ. ಅವರಿಗೆ ಕಾಣುವುದಿಲ್ಲ. ಪ್ರತಿಯೊಂದು ಹೊಡೆತವೂ ಅವರಿಗೆ ಕತ್ತಲಿನಲ್ಲಿ ಯಾರೋ ಬಂದು ಹೊಡೆದ ಹಾಗೆ. ಕೊರಕಲಿಗೆ ಚಕ್ರ ಇಳಿದ ಕೂಡಲೇ ಅವರ ಎಡಗೈ ಆ ಹಿಡಿಗಾಗಿ ಗಾಳಿಯಲ್ಲಿ ತಡಕುತ್ತಿತ್ತು. ಓರೆಗಣ್ಣಿನಲ್ಲಿ ಆ ಕೈ ಕಂಡೊಡನೆ ನನ್ನ ಬಲಗಾಲು ಆಕ್ಸಿಲರೇಟರಿನಿಂದ ತಾನೇ ಮೇಲೆದ್ದುಬಿಡುತ್ತಿತ್ತು. ಕೂಗಿದರಷ್ಟೇ ಎಳೆಯುವ ಎಂಜಿನ್ನು, ಕಾಲು ತೆಗೆದರೆ ಸಾಯದೆ ಏನು ಮಾಡೀತು? ಅವರಿಗೆ ನನ್ನ ಕಾಲು ಕಾಣುವುದಿಲ್ಲ, ದನಿ ಇಳಿದದ್ದು ಮಾತ್ರ ಕೇಳುತ್ತದೆ. ಉಸಿರು ಸಾಲದು ಎಂದುಕೊಂಡರು. ನಾನೂ ಹಾಗೇ ನಂಬಿದ್ದೆ. ತಾರುರಸ್ತೆಯಲ್ಲಿ ಕುಲುಕಾಟವಿಲ್ಲ, ಆ ಕೈ ಏಳಲಿಲ್ಲ, ಗಾಡಿ ಹಕ್ಕಿಯಾಯಿತು. ಪಾಪದ ಜೀಪನ್ನು ಸುಮ್ಮನೆ ಬೋಳಿಸಿ ಕೂರಿಸಿದ್ದೆ.

ಸುತ್ತ ಏನಿದೆಯೆಂದು ನೋಡದೆ ಗಾಡಿ ತಿರುಗಿಸಿಕೊಂಡು ಕೆಳಗಿಳಿದೆ.

ಅವರು ಬಂಡೆಯಿಂದ ಎದ್ದು ನಿಂತಿದ್ದರು. "ದಾಟ್ತು, ಕೇಳಿಸ್ಕೊಂಡೆ," ಎಂದರು. ಮುಖ ಅರಳಿತ್ತು. "ಹೆಂಗಿತ್ತು, ಹೇಳು."

"ನಾನು ನೋಡ್ಲಿಲ್ಲ."

"ಅಷ್ಟು ಮೇಲೆ ಹೋಗಿ ನೋಡ್ಲಿಲ್ವ?"

"ಇಲ್ಲ. ಹತ್ತಿ ನೀವು. ಹಿಡಿ ಇಲ್ಲಿದೆ, ಈಗ್ಲೇ ಹಿಡ್ಕೊಳ್ಳಿ. ಏನಾದ್ರೂ ಆಗ್ಲಿ, ಬೈದ್ರೂ ಸರಿ, ನಾನು ನಿಲ್ಸಲ್ಲ. ನಿಮ್ಮ ಕಡೆ ನೋಡೋದೂ ಇಲ್ಲ."

"ಭಾರ ಆಗುತ್ತಲ್ಲೇ."

"ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ. ಬಾಯಿ ಮುಚ್ಕೊಂಡು ಹತ್ತಿ."

ಮದುವೆಯಾದ ಮೇಲೆ ಅವರಿಗೆ ಬಾಯಿ ಮುಚ್ಚಿ ಎಂದದ್ದು ಅದೇ ಮೊದಲು. ಅವರು ಹತ್ತಿ ಕೂತರು. ತಲೆಗೆ ತಾಗದಿರಲೆಂದು ಮೇಲಿನ ಕಂಬಿಗೆ ಟವೆಲ್ ಸುತ್ತಿದೆ. ಕಾರಣ ಹೇಳಲಿಲ್ಲ. ಇವತ್ತಿನವರೆಗೂ ಹೇಳಿಲ್ಲ. ಹೇಳಿದರೆ, ತಾವು ಹೆದರಿದ್ದರಿಂದ ಗಾಡಿ ನಿಲ್ಲುತ್ತಿತ್ತು ಎಂದುಕೊಂಡುಬಿಡುತ್ತಾರೆ. ನಿಲ್ಲುತ್ತಿದ್ದದ್ದು ನನ್ನಿಂದ.

ತುಳಿದೆ. ಕೊರಕಲು ಬಂತು. ಪಕ್ಕದಲ್ಲಿ ದಡ್ ಎಂದು ಏನೋ ಬಡಿಯಿತು. "ಅಮ್ಮಾ," ಎಂದರು. ಆ ಒಂದು ಕ್ಷಣ ನನ್ನ ಕಾಲನ್ನು ಅಲ್ಲೇ ಹಿಡಿದಿಡಲು ನಾನು ಪಟ್ಟ ಪಾಡು ನನಗೇ ಗೊತ್ತು. ಕಣ್ಣು ರಸ್ತೆಯಿಂದ ತೆಗೆಯಲಿಲ್ಲ. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಎಂಜಿನ್ನು ಬಾಯಿ ಬಿಟ್ಟು ಕೂಗುತ್ತ ಕೂಗುತ್ತ ನಮ್ಮಿಬ್ಬರನ್ನೂ ಎಳೆದುಕೊಂಡು ಮೇಲೆ ಬಂದು ಹಾಸುಬಂಡೆಯ ಮೇಲೆ ನಿಲ್ಲಿಸಿತು.

ಅವರ ಮೊಣಕೈ ತರಚಿತ್ತು, ತುಟಿ ಕಚ್ಚಿಕೊಂಡು ಸ್ವಲ್ಪ ರಕ್ತ ಬಂದಿತ್ತು. ಸೆರಗಿನಿಂದ ಒರೆಸಿದೆ. ಅವರಿಗೆ ಅದರ ಪರಿವೆಯೇ ಇರಲಿಲ್ಲ. ಬಂಡೆಯ ನಡುವೆ ನಿಂತು ತಲೆಯನ್ನು ಅತ್ತ ಇತ್ತ ತಿರುಗಿಸಿ ಹುಡುಕತೊಡಗಿದರು. ಕಬಿನಿಯ ನೀರು ಸಿಕ್ಕಿತು, ಮತ್ತೆ ಕಣ್ತಪ್ಪಿತು. ಚಾಮುಂಡಿ ಬೆಟ್ಟ ಸಿಗಲೇ ಇಲ್ಲ. ಜಾಗ ದೊಡ್ಡದು, ಅವರ ಕಿಟಕಿ ಸಣ್ಣದು. ಗುರುತು ಹಿಡಿಯುವುದರಲ್ಲಿ ಇಡೀ ಜಿಲ್ಲೆಯಲ್ಲೇ ಹೆಸರಾಗಿದ್ದ ಮನುಷ್ಯ, ಸಂತೆಯಲ್ಲಿ ಕಳೆದುಹೋದವರ ಹಾಗೆ ನಿಂತರು.

ನಾನು ಹಿಂದಿನಿಂದ ಹೋಗಿ ಅವರ ಎರಡೂ ಭುಜ ಹಿಡಿದೆ. ಮೊದಲು ನೀರಿನ ಕಡೆ ನಿಲ್ಲಿಸಿದೆ. "ನೀರು," ಎಂದೆ. ಅವರು ನೋಡಿದರು. ಅಲ್ಲಿಂದ ಬಹಳ ನಿಧಾನವಾಗಿ ಬಲಕ್ಕೆ ತಿರುಗಿಸುತ್ತ ಹೋದೆ. ಹುರುಳಿಯ ಹೊಲ. ತೆಂಗಿನ ತಲೆಗಳು. ಒಂದು ಕೆರೆಯ ಏರಿ. "ಅಲ್ಲಿ ನಮ್ಮ ಬೆಟ್ಟ," ಎಂದೆ. "ಹೌದು, ಹೌದು," ಎಂದರು. ಆಮೇಲೆ ಕಾಡಿನ ಗೆರೆ. ಮತ್ತೆ ನೀರು. ಒಂದು ಸುತ್ತು ಮುಗಿಯಿತು.

"ಇನ್ನೊಂದು ಸುತ್ತು," ಎಂದರು.

ಇನ್ನೊಂದು ಸುತ್ತು ತಿರುಗಿಸಿದೆ. ಇನ್ನೂ ನಿಧಾನವಾಗಿ. ಈ ಸಲ ಅವರೇ ಒಂದೊಂದನ್ನೂ ಮೆಲ್ಲಗೆ ಹೇಳಿಕೊಂಡರು.

"ಇನ್ನೊಂದು."

ಮೂರನೆಯ ಸುತ್ತಿನ ನಡುವೆ ನಾನು ಬಗ್ಗಿ ಅವರ ಮುಖ ನೋಡಿದೆ. ಕಣ್ಣು ಮುಚ್ಚಿಕೊಂಡಿದ್ದರು. ಮುಂದೆ ಬರಲಿರುವ ದಿನಗಳಿಗಾಗಿ ಅಭ್ಯಾಸ ಮಾಡುತ್ತಿದ್ದಾರೆಂದು ಆಗ ಅರ್ಥವಾಯಿತು. ಕೈ ನಿಲ್ಲಿಸದೆ ತಿರುಗಿಸುತ್ತಲೇ ಇದ್ದೆ.

"ನಿಲ್ಸು," ಎಂದರು. ಕಣ್ಣು ಮುಚ್ಚಿಕೊಂಡೇ ಕೈಯೆತ್ತಿ ನೇರ ಮುಂದಕ್ಕೆ ತೋರಿಸಿದರು. "ಇಲ್ಲಿ ನೀರು. ಅಲ್ವೇನೇ?"

ಅವರ ಬೆರಳಿನ ಎದುರು ಇನ್ನೂ ಕಾಡಿತ್ತು. ನೀರು ಸ್ವಲ್ಪ ಬಲಕ್ಕಿತ್ತು. ಅವರಿಗೆ ತಿಳಿಯದಷ್ಟು ಮೆಲ್ಲಗೆ ಭುಜಗಳನ್ನು ಬಲಕ್ಕೆ ಸರಿಸಿದೆ.

"ಹೂಂ ರೀ," ಎಂದೆ. "ಅಲ್ಲೇ ಇದೆ."